ಬಸುರು ಒಂದು, ಫೈಲು ಮೂರು

ನಮ್ಮ ಕಡೆ ಬಸುರಿ ಹೆಂಗಸು ಒಂದೂರಲ್ಲಿ ನಿಲ್ಲುವುದಿಲ್ಲ. ಐದಾರು ತಿಂಗಳು ಗಂಡನ ಮನೆ, ಏಳರಲ್ಲಿ ಕುಬಸ, ಕುಬಸ ಮುಗಿದ ಕೂಡಲೇ ತವರು, ಬ್ಯಾನಿ ಬಂದಾಗ ತವರಿಗೆ ಹತ್ತಿರದ ಯಾವುದಾದರೂ ಪ್ಯಾಟಿ, ಹಡೆದ ಮೇಲೆ ಮತ್ತೆ ತವರಿನ ಹೊರಸು. ಚೊಚ್ಚಲು ಇದ್ದರಂತೂ ಈ ತಿರುಗಾಟ ತಪ್ಪುವ ಮಾತೇ ಇಲ್ಲ. ಸರ್ಕಾರದ ದಫ್ತರಗಳಿಗೆ ಮಾತ್ರ ಈ ಸಂಗತಿ ಇನ್ನೂ ಮುಟ್ಟಿದಂತಿಲ್ಲ. ಹೆಸರು ಬರೆಸಿದ ಊರಲ್ಲೇ ಒಂಬತ್ತು ತಿಂಗಳು ಅಲುಗಾಡದೆ ಕೂತ ಬಸುರಿಯೊಬ್ಬಳು ಅವುಗಳ ಮನಸ್ಸಿನಲ್ಲಿದ್ದಾಳೆ. ಅಂಥವಳನ್ನು ನಾನಂತೂ ಮಕ್ತಲ್, ನಾರಾಯಣಪೇಟೆ, ಗದ್ವಾಲ, ರಾಯಚೂರು ಎಲ್ಲೂ ಕಂಡಿಲ್ಲ.

ನನ್ನ ತವರು ಮಕ್ತಲ್, ಅತ್ತಿಮನಿ ರಾಯಚೂರು, ಅಕ್ಕನನ್ನು ಕೊಟ್ಟಿದ್ದು ನಾರಾಯಣಪೇಟೆಗೆ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್‌ಸ್ಟ್ಯಾಂಡಿನಲ್ಲಿ ಉರ್ದು. ಅಕ್ಕನ ಓಣಿಯಲ್ಲಿ ಇವು ಸಾಲದೆಂದು ಮರಾಠಿಯೂ ಉಂಟು. 2018ರಲ್ಲಿ ನನಗೆ ಐದು ತುಂಬಿ ಆರನೇ ತಿಂಗಳು ನಡೆದಿತ್ತು, ನಮ್ಮವರಿಗೆ ಗದ್ವಾಲಕ್ಕೆ ವರ್ಗವಾಯಿತು. ‘ಎಲ್ಲಿ ದೂರ, ಒಂದೂವರೆ ತಾಸಿನ ಹಾದಿ’ ಎಂದರು. ಹಾದಿ ದೂರದ್ದಲ್ಲ ನಿಜ. ರಾಯಚೂರಿಂದ ಗದ್ವಾಲಕ್ಕೆ ಹೋಗಲು ಹೊಳೆಯನ್ನೂ ದಾಟಬೇಕಿಲ್ಲ. ಎರಡೂ ಕೃಷ್ಣೆ ತುಂಗಭದ್ರೆಯರ ನಡುವಿನ ಒಂದೇ ನೆಲ. ಆ ಕಡೆಯವರು ತಮ್ಮ ಭಾಗವನ್ನು ನಡಿಗಡ್ಡ ಅನ್ನುತ್ತಾರೆ. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯ ಪುನರ್‌ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಬಂತು, ಅವೆರಡು ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಗದ್ವಾಲದಿಂದ ನನ್ನ ತವರಿಗೆ ಹೋಗಬೇಕಾದರೆ ಜುರಾಲ ಅಣೆಕಟ್ಟಿನ ಮೇಲಿನ ರಸ್ತೆಯಲ್ಲಿ ಕೃಷ್ಣೆಯನ್ನು ದಾಟಬೇಕು, ಆದರೆ ರಾಜ್ಯ ಬದಲಾಗುವುದಿಲ್ಲ. ರಾಜ್ಯ ಬದಲಾಗುವಲ್ಲಿ ಹೊಳೆಯಿಲ್ಲ, ಹೊಳೆ ಇರುವಲ್ಲಿ ರಾಜ್ಯ ಬದಲಾಗಲಿಲ್ಲ; ಮಕ್ತಲ್‌ನಿಂದ ರಾಯಚೂರಿಗೆ ಬಂದರೆ ಮಾತ್ರ ಎರಡನ್ನೂ ಒಟ್ಟಿಗೆ ದಾಟಬೇಕು. ಹೊಟ್ಟೆಯೊಳಗಿನ ಕೂಸು ಈ ಮೂರೂ ಹಾದಿಯನ್ನು ಹುಟ್ಟುವ ಮೊದಲೇ ಸುತ್ತಿಬಂತು.

ರಾಯಚೂರಿನ ಡಾಕ್ಟರಮ್ಮ ನನ್ನ ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಮಾತು ಬರೆದು ಎರಡು ಗೆರೆ ಎಳೆದಿದ್ದರು: ‘ಓ ನೆಗೆಟಿವ್’. ಗಂಡನದು ಬಿ ಪಾಸಿಟಿವ್. ತಾಯಿಯದು ನೆಗೆಟಿವ್ ಇದ್ದು ಕೂಸಿನದು ಪಾಸಿಟಿವ್ ಆದರೆ, ಕೂಸಿನ ರಕ್ತದ ಹನಿ ತಾಯಿಯ ರಕ್ತಕ್ಕೆ ಸೇರಿದಾಗ ಅವಳ ದೇಹ ಅದನ್ನು ಹೊರಗಿನದೆಂದು ತಿಳಿದು ಎದುರು ಬೀಳುತ್ತದೆ. ಮೊದಲ ಕೂಸಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪೆಟ್ಟು ತಿನ್ನುವುದು ಮುಂದಿನ ಕೂಸು. ಹಾಗಾಗದಂತೆ ಆಂಟಿ-ಡಿ ಎಂಬ ಇಂಜೆಕ್ಷನ್ನನ್ನು 28ನೇ ವಾರದಲ್ಲಿ ಒಂದು ಸಲ, ಹುಟ್ಟಿದ ಕೂಸು ಪಾಸಿಟಿವ್ ಎಂದು ಗೊತ್ತಾದರೆ 72 ತಾಸಿನೊಳಗೆ ಇನ್ನೊಂದು ಸಲ ಕೊಡುತ್ತಾರೆ. ‘ಟೈಮಿಗೆ ಬಾ, ಹಾಕ್ತೀನಿ’ ಅಂದಿದ್ದರು ಡಾಕ್ಟರಮ್ಮ. ಟೈಮ್ ಬರುವ ಹೊತ್ತಿಗೆ ನಾನು ಅವರ ರೋಗಿಯಾಗಿ ಉಳಿದಿರಲಿಲ್ಲ.

ಗದ್ವಾಲದಲ್ಲಿ ನಾವು ಹಿಡಿದ ಮನೆ ಕೋಟೆಗೆ ಹತ್ತಿರ. ಎದುರುಮನೆಯಲ್ಲಿ ಮಗ್ಗ. ಮೈ ಹತ್ತಿ, ಅಂಚು ಸೆರಗು ರೇಷ್ಮೆ, ಎರಡನ್ನೂ ಎಳೆಗೆ ಎಳೆ ಸೇರಿಸಿ ನೇಯುವ ಗದ್ವಾಲ ಸೀರೆಯ ಕೆಲಸವನ್ನು ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಆ ಮನೆಯ ಹಿರಿಯಾಕೆ ಮೊದಲ ದಿನ ಕೇಳಿದ್ದು ಹೆಸರಲ್ಲ, ‘ಟಿಫಾ ಆಯಿತಾ?’ ಎಂದು. ಅಂಗಾಂಗ ನೋಡುವ ಐದನೇ ತಿಂಗಳ ಸ್ಕ್ಯಾನಿಗೆ ರಾಯಚೂರಿನಲ್ಲಿ ಅನಾಮಲಿ ಅನ್ನುತ್ತಿದ್ದೆವು. ಅದು ಮುಗಿದಿದೆ ಅಂದಕೂಡಲೇ ಎರಡನೇ ಪ್ರಶ್ನೆ ಬಂತು, ‘ಡೇಟ್ ತೆಗೆಸಿದಿರಾ?’ ನನಗೆ ತಿಳಿಯಲಿಲ್ಲ. ಆಪರೇಷನ್ನಿಗೆ ಪಂತುಲು ಬಳಿ ಮುಹೂರ್ತ ತೆಗೆಸಿದಿರಾ ಎಂದು ಅದರ ಅರ್ಥ. ನೋವು ಬರುವ ಮಾತು ಅಲ್ಲಿ ಎಣಿಕೆಯಲ್ಲೇ ಇರಲಿಲ್ಲ. ಆಮೇಲೆ ಅಂಕಿಗಳನ್ನು ನೋಡಿದಾಗ ಆ ತಾಯಿ ತಪ್ಪು ಕೇಳಿರಲಿಲ್ಲ ಅನ್ನಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ ನೂರಕ್ಕೆ 60.7 ಹೆರಿಗೆ ಸಿಸೇರಿಯನ್, ದೇಶದಲ್ಲೇ ಮೊದಲು. ಕರ್ನಾಟಕದಲ್ಲಿ 31.5. ಒಂದು ಗಡಿಕಲ್ಲು ದಾಟಿದ ಮಾತ್ರಕ್ಕೆ ಹೆಂಗಸರ ಸೊಂಟದ ಎಲುಬು ಕಿರಿದಾಗುವುದಿಲ್ಲ. ಬದಲಾಗುವುದು ಆಸ್ಪತ್ರೆಯ ರೂಢಿ, ಮನೆಯವರ ಅವಸರ, ಪಂಚಾಂಗ.

ಹೊಸ ಆಸ್ಪತ್ರೆಯಲ್ಲಿ (ಹೆಸರು ಬೇಡ, ಅಂಥವು ಗಡಿಯ ಎರಡೂ ಕಡೆ ಇವೆ) ನನ್ನ ರಾಯಚೂರಿನ ಫೈಲನ್ನು ಮುಂದಿಟ್ಟೆ. ಡಾಕ್ಟರು ಎರಡು ಹಾಳೆ ಮಗುಚಿದರು. ಕನ್ನಡ ಅಕ್ಷರ ಕಂಡದ್ದೇ ಪಕ್ಕಕ್ಕೆ ಸರಿಸಿ, ‘ಇದು ಇರಲಿ, ನಾವು ಹೊಸದಾಗಿ ಮಾಡೋಣ’ ಅಂದರು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಮೂತ್ರ, ಎಲ್ಲವೂ ಮತ್ತೊಮ್ಮೆ. ಹೊಸ ಫೈಲು, ಅದರ ರಟ್ಟಿನ ಮೇಲೆ ನಗುವ ವಿದೇಶಿ ಕೂಸು. ಒಂದನ್ನು ಮಾತ್ರ ಬಿಟ್ಟರು, ರಕ್ತದ ಗುಂಪನ್ನು. ಅದು ಬದಲಾಗುವಂಥದ್ದಲ್ಲವಲ್ಲ, ಹಳೇ ಕಾಗದದಲ್ಲಿ ಇದ್ದೇ ಇದೆ. ಹೀಗೆ ಹಳೇ ಕಾಗದವನ್ನು ನಂಬಿದ ಒಂದೇ ಒಂದು ಸಂಗತಿ ಹೊಸ ಫೈಲಿಗೆ ಇಳಿಯದೆ ಹೋಯಿತು.

ಏಳಕ್ಕೆ ಬಿದ್ದ ಮೇಲೆ ಕುಬಸಕ್ಕೆಂದು ರಾಯಚೂರಿಗೆ ಕರೆಸಿಕೊಂಡರು. ಅಕ್ಕ ನಾರಾಯಣಪೇಟೆಯಿಂದ ಹಸಿರು ಸೀರೆ ತಂದಿದ್ದಳು, ಸಣ್ಣ ಚೌಕುಳಿ, ಅಂಚಿಗೆ ಕೆಂಪು. ನಾರಾಯಣಪೇಟೆ ಸೀರೆಗೆ ಒಂದು ಗುಣವಿದೆ, ಎಷ್ಟು ಒಗೆದರೂ ಮುನಿಯುವುದಿಲ್ಲ. ಬಾಣಂತಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ನಾನು ಕಾಣೆ. ಮಕ್ತಲ್‌ನಿಂದ ಅವ್ವ ಬುತ್ತಿ ಕಟ್ಟಿಕೊಂಡು ಬಂದಳು. ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಶೇಂಗಾ ಹಿಂಡಿ, ಮೊಸರನ್ನ, ಪುಂಡಿಪಲ್ಯ. ಹಸಿರು ಬಳೆ ತೊಡಿಸಿದರು, ಕುಬಸ ತೊಡಿಸಿದರು, ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ಹಾಕಿದರು. ಸೋಬಾನದ ಹಾಡಿನ ನಡುವೆ ನಮ್ಮತ್ತಿ ಮತ್ತು ಅವ್ವ ಒಲೆಯ ಬಳಿ ತಲೆಗೆ ತಲೆ ಹಚ್ಚಿ ಪಿಸಿಪಿಸಿ ಮಾತಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು.

‘ಸಂಜಿಗೆ ಕಾಲು ಬಾಯ್ತಾವ ಬೀಗ್ತಿ, ಉಪ್ಪು ಕಡಿಮಿ ಹಾಕ್ರಿ. ಬೆಲ್ಲದ ಚಾ ಕೊಟ್ರ ಕಾರ್ತಾಳ. ಎಡಮಗ್ಗಲಾ ಮಲಗಂದ್ರ ಕೇಳಂಗಿಲ್ಲ, ನೀವು ಗದರಸ್ರಿ.’

ಅವ್ವ ಒಂದೊಂದಕ್ಕೂ ‘ಹ್ಞೂಂ ರೀ, ಹ್ಞೂಂ ರೀ’ ಅನ್ನುತ್ತಿದ್ದಳು. ಕುಬಸ ಎಂದರೆ ಉಡುಗೊರೆ ಊಟದ ಹಬ್ಬ ಎಂದುಕೊಂಡಿದ್ದೆ. ಅದರ ಅಸಲಿ ಕೆಲಸ ಒಲೆಯ ಬಳಿ ನಡೆಯುತ್ತದೆ: ಇಷ್ಟು ದಿನ ಬಸುರಿಯನ್ನು ನೋಡಿಕೊಂಡ ಹೆಂಗಸು ಇನ್ನು ಮುಂದೆ ನೋಡಿಕೊಳ್ಳುವ ಹೆಂಗಸಿಗೆ ಎದುರುಬದುರು ಕೂತು ಲೆಕ್ಕ ಒಪ್ಪಿಸುವುದು.

ನನ್ನ ಅಜ್ಜಿ, ಅಪ್ಪನ ತಾಯಿ, ಗದ್ವಾಲದ ಮಗಳು. ಅವಳ ಚೊಚ್ಚಲು ಐವತ್ತರ ದಶಕದ ಆರಂಭದ್ದು. ಮಕ್ತಲ್ ಆಗ ಮಹಬೂಬನಗರ ಜಿಲ್ಲೆ, ಗದ್ವಾಲ ರಾಯಚೂರು ಜಿಲ್ಲೆ, ಎರಡೂ ಹೈದರಾಬಾದ್ ರಾಜ್ಯ. ಜುರಾಲ ಅಣೆಕಟ್ಟು ಇನ್ನೂ ಎಲ್ಲಿ? ಬಂಡಿಯಲ್ಲಿ ಹೊಳೆದಂಡೆಯವರೆಗೆ, ಅಲ್ಲಿಂದ ಹರಿಗೋಲು. ‘ನಮ್ಮತ್ತಿ ದಂಡಿತನಕ ಬಂದಿದ್ಲು. ಹರಗೋಲಾಗ ಕೂತಿದ್ದ ನಮ್ಮ ಸಣ್ಣವ್ವಗ ಎಲ್ಲಾ ಹೇಳಿ ಕೊಟ್ಲು, ಎಂದು ಮೈನೆರತದ್ದು, ಎಂದು ಮುಟ್ಟು ನಿಂತದ್ದು, ಏನು ತಿಂದ್ರ ಆಗಂಗಿಲ್ಲ’ ಎಂದು ಅಜ್ಜಿ ಹೇಳುತ್ತಿದ್ದಳು. ಆ ಕಡೆ ದಂಡೆಯಲ್ಲಿ ಸಣ್ಣವ್ವ ಅಷ್ಟನ್ನೂ ಸೂಲಗಿತ್ತಿಗೆ ಒಪ್ಪಿಸಿದಳು. ಅಜ್ಜಿ ಹಡೆದ ಮಕ್ಕಳಲ್ಲಿ ಎಲ್ಲರೂ ಉಳಿಯಲಿಲ್ಲ. ಆ ಕಾಲವನ್ನು ಚೆಂದ ಮಾಡಿ ಹೇಳುವ ಮನಸ್ಸು ನನಗಿಲ್ಲ. ರಕ್ತದ ಗುಂಪು ಅಂತೊಂದು ಇದೆಯೆಂದೂ ಅವಳಿಗೆ ಗೊತ್ತಿರಲಿಲ್ಲ, ನನ್ನಂಥ ನೆಗೆಟಿವ್ ಹೆಂಗಸರ ಎರಡನೆಯ ಮೂರನೆಯ ಕೂಸುಗಳು ಯಾಕೆ ಹಳದಿಯಾಗಿ ಹೋಗುತ್ತವೆಂದು ಯಾವ ಸೂಲಗಿತ್ತಿಗೂ ತಿಳಿಯುವಂತಿರಲಿಲ್ಲ. ಆದರೆ ತಿಳಿದಷ್ಟನ್ನು ದಾಟಿಸುವುದರಲ್ಲಿ ಅವರು ಎಡವಲಿಲ್ಲ. ಈಗ ತಿಳಿದದ್ದು ಬೆಟ್ಟದಷ್ಟು, ದಾಟಿಸುವವರಿಲ್ಲ. ಎರಡೂ ರಾಜ್ಯಗಳಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ, ರಾಯಚೂರಿನ ಡಾಕ್ಟರಿಗೂ ಗದ್ವಾಲದ ಡಾಕ್ಟರಿಗೂ ನಡುವೆ ಒಂದು ಫೋನು ಕೂಡ ಹೋಗುವುದಿಲ್ಲ. ಬೀಗ್ತಿಯರ ಮಾತು ಮುಗಿಯುವುದೇ ಕಾಲು ಬಾಯುವುದಕ್ಕೆ, ಚಾ ಕಾರುವುದಕ್ಕೆ. ಆಂಟಿ-ಡಿ ಯಾರ ಬಾಯಲ್ಲಿದೆ?

ಮಕ್ತಲ್‌ಗೆ ಬಂದ ವಾರದೊಳಗೆ ಓಣಿಯ ಆಶಾ ಕಾರ್ಯಕರ್ತೆ ಮನೆಗೆ ಬಂದಳು, ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ಮೂರನೇ ಫೈಲು ಶುರುವಾಯಿತು. ನರ್ಸಮ್ಮ ವಯಸ್ಸಾದಾಕೆ, ಮೂಗಿನ ತುದಿಗೆ ಚಾಳೀಸು. ಎದುರಿನ ಬೆಂಚಿನಲ್ಲಿ ಬಸುರಿಯರ ಸಾಲೇ ಇತ್ತು, ಆಕೆಗೆ ಅವಸರವಿರಲಿಲ್ಲ. ರಾಯಚೂರಿನ ತಾಯಿ ಕಾರ್ಡನ್ನು ತೆಗೆದುಕೊಂಡಳು, ಕನ್ನಡ ಬಾರದಿದ್ದರೂ ಒಂದೊಂದೇ ಪುಟವನ್ನು ಬೆರಳಿಟ್ಟು ನೋಡಿದಳು. ತೂಕದ ಕಾಲಮ್ಮು, ಬಿಪಿ ಕಾಲಮ್ಮು, ಟಿಟಿ ಕಾಲಮ್ಮು. ಕಾರ್ಡು ಎಲ್ಲಾ ರಾಜ್ಯದಲ್ಲೂ ಹೆಚ್ಚುಕಡಿಮೆ ಒಂದೇ ನಮೂನೆಯದು. ಭಾಷೆ ಬೇರೆಯಾದರೂ ಮನೆಗಳು ಅವೇ, ಅದರ ಮೇಲೆ 12 ಅಂಕಿಯ ಆರ್‌ಸಿಎಚ್ ನಂಬರು. ಕೆಂಪು ಗೆರೆಯ ಬಳಿ ಬೆರಳು ನಿಂತಿತು. ಚಾಳೀಸಿನ ಮೇಲಿಂದ ನನ್ನನ್ನು ನೋಡಿದಳು.

‘ನೆಗೆಟಿವ್ ಉಂದಿ ಕದಾ ಬಿಡ್ಡಾ, ಸೂದಿ ಏಸಿಂಡ್ರಾ?’

ಸೂಜಿ ಹಾಕಿದ್ದಾರಾ? ನಾನು ಅವ್ವನ ಮುಖ ನೋಡಿದೆ, ಅವ್ವ ನನ್ನ ಮುಖ ನೋಡಿದಳು. ಗದ್ವಾಲದ ಹೊಳಪಿನ ಫೈಲನ್ನು ನರ್ಸಮ್ಮ ಈ ತುದಿಯಿಂದ ಆ ತುದಿಗೆ ಹುಡುಕಿದಳು, ಅದರಲ್ಲಿ ರಕ್ತದ ಗುಂಪಿನ ಜಾಗ ಖಾಲಿ. 28ನೇ ವಾರ ದಾಟಿತ್ತು. ಅದು ಕಳೆದದ್ದು ಬಳೆ ತೊಡಿಸಿಕೊಳ್ಳುವುದರಲ್ಲಿ, ಬುತ್ತಿ ಉಣ್ಣುವುದರಲ್ಲಿ, ಬಸ್ಸಿನಲ್ಲಿ. ‘ತಡವಾದರೂ ಪರವಾಗಿಲ್ಲ, ಇವತ್ತೇ ಕೂಂಬ್ಸ್ ಟೆಸ್ಟ್ ಮಾಡಿಸಿ, ಇಲ್ಲ ಅಂತ ಬಂದರೆ ಕೂಡಲೇ ಹಾಕಿಸಿ’ ಅಂದಳು. ನನ್ನ ರಕ್ತ ಆಗಲೇ ಕೂಸಿನ ರಕ್ತಕ್ಕೆ ಎದುರು ಬಿದ್ದಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಅದು. ಬಿದ್ದಿರಲಿಲ್ಲ.

ಇಂಜೆಕ್ಷನ್ ಮಕ್ತಲ್‌ನ ಯಾವ ಔಷಧಿ ಅಂಗಡಿಯಲ್ಲೂ ಆ ದಿನ ಸಿಗಲಿಲ್ಲ. ಸದಾ ತಣ್ಣಗೆ, 2ರಿಂದ 8 ಡಿಗ್ರಿಯೊಳಗೆ ಇಡಬೇಕಾದ ದುಬಾರಿ ಮಾಲು; ಬೇಡಿಕೆ ಅಪರೂಪ, ಇಡುವವರಾರು? ತಮ್ಮ ಮಹಬೂಬನಗರಕ್ಕೆ ಹೋದ. ಮನೆಯಲ್ಲಿದ್ದ ಚಾದ ಥರ್ಮಾಸನ್ನು ಅವ್ವ ಬೂದಿ ಹಚ್ಚಿ ತಿಕ್ಕಿ ಕೊಟ್ಟಿದ್ದಳು. ಅದರಲ್ಲಿ ಐಸು, ಐಸಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬೆರಳುದ್ದದ ಡಬ್ಬಿ. ಸೀಟು ಸಿಗದೆ ಬಸ್ಸಿನಲ್ಲಿ ನಿಂತುಕೊಂಡೇ ಥರ್ಮಾಸನ್ನು ಎದೆಗವಚಿ ತಂದ. ಸಂಜೆ ನರ್ಸಮ್ಮ ತೋಳಿಗೆ ಸೂಜಿ ಚುಚ್ಚಿ, ಖಾಲಿ ಡಬ್ಬಿಯ ಚೀಟಿಯನ್ನು ಕಿತ್ತು ಮೂರೂ ಫೈಲಿನಲ್ಲಿ ತಾರೀಖು ಬರೆದಳು. ಒಂದರಲ್ಲಿ ಸಾಕಾಗಿತ್ತು. ಆಕೆಗೆ ಗೊತ್ತಿತ್ತು, ಈ ಹುಡುಗಿ ಮುಂದೆ ಯಾವ ಫೈಲು ಹಿಡಿದು ಎಲ್ಲಿಗೆ ಓಡುತ್ತಾಳೋ ಯಾರು ಬಲ್ಲರು.

ಹೆರಿಗೆ ಎಲ್ಲಿ ಅನ್ನುವುದರ ಮೇಲೆ ನಮ್ಮ ಮನೆಯಲ್ಲಿ ನಡೆದ ಚರ್ಚೆ ವಿಧಾನಸಭೆಯ ಚರ್ಚೆಗಿಂತ ಕಡಿಮೆಯದಲ್ಲ. ಅವ್ವನ ಕಣ್ಣು ಕೆಸಿಆರ್ ಕಿಟ್ಟಿನ ಮೇಲೆ. 2017ರ ಜೂನ್‌ನಲ್ಲಿ ತೆಲಂಗಾಣದಲ್ಲಿ ಶುರುವಾದದ್ದು. ಸರ್ಕಾರಿ ದವಾಖಾನೆಯಲ್ಲಿ ಹಡೆದರೆ ಗಂಡಿಗೆ 12,000, ಹೆಣ್ಣಿಗೆ 13,000 ರೂಪಾಯಿ ಕಂತುಕಂತಾಗಿ, ಜೊತೆಗೆ ಸೋಪು, ಎಣ್ಣೆ, ಪೌಡರು, ಸೊಳ್ಳೆಪರದೆ, ಸೀರೆ ತುಂಬಿದ ಪೆಟ್ಟಿಗೆ ಸಿಗುತ್ತಿತ್ತು. ‘ದುಡ್ಡು ಇರ್ಲಿ ಬಿಡು, ಆ ಸೊಳ್ಳಿ ಪರದಿ ಭಾಳ ಚಂದ ಅದ’ ಎನ್ನುತ್ತಿದ್ದಳು. ಆದರೆ ಮದುವೆಯಾದ ಮೇಲೆ ನನ್ನ ಆಧಾರ್ ರಾಯಚೂರಿನದು. ತೆಲಂಗಾಣದ ಆಧಾರ್ ಇಲ್ಲದಿದ್ದರೆ ಆಗುವುದಿಲ್ಲ ಎಂದರು. ಫೋನಿನಲ್ಲಿ ಅತ್ತಿ, ‘ನಮ್ಮ ಕಡಿ ತಾಯಿ ಕಾರ್ಡ್ ಐತಲ್ಲ, ಇಲ್ಲೇ ಬರ್ರಿ’ ಅಂದರು. ಅಂಗನವಾಡಿಯಲ್ಲೂ ಇದೇ ಕಥೆ. ತೆಲಂಗಾಣದಲ್ಲಿ 2015ರಿಂದ ಆರೋಗ್ಯಲಕ್ಷ್ಮಿಯ ಊಟ, ಮೊಟ್ಟೆ, ಹಾಲು. ಕರ್ನಾಟಕದಲ್ಲಿ 2017ರಿಂದ ಮಾತೃಪೂರ್ಣದ ಬಿಸಿಯೂಟ. ಹೆಸರು ಬರೆಸಿದ್ದು ಆ ಕಡೆ, ಹಸಿವಾಗುವುದು ಈ ಕಡೆ. ನಮ್ಮ ಓಣಿಯ ಅಂಗನವಾಡಿ ಟೀಚರು ಒಳ್ಳೆಯಾಕೆ, ಕಾಗದ ಕೇಳದೆ ಕೂಡಿಸಿ ಉಣ್ಣಿಸಿದಳು.

ಕೊನೆಗೆ ನಿರ್ಧಾರ ಮಾಡಿದ್ದು ಹೊಟ್ಟೆನೋವು. ನಡುರಾತ್ರಿ ಬ್ಯಾನಿ ಬಂತು. ಮಹಬೂಬನಗರಕ್ಕಿಂತ ರಾಯಚೂರು ಹತ್ತಿರ, ಗಾಡಿ ದಕ್ಷಿಣಕ್ಕೆ ತಿರುಗಿತು. ಮಾಗನೂರು ದಾಟಿ, ಕೃಷ್ಣಾ ಎಂಬ ಊರು ದಾಟಿ, ಹೊಳೆಯ ಮೇಲಿನ ನಿಜಾಮರ ಕಾಲದ ಸೇತುವೆಯ ಮೇಲೆ ಬರುವಾಗ ಶಕ್ತಿನಗರದ ಚಿಮಣಿಗಳ ಕೆಂಪು ದೀಪ ಕಾಣುತ್ತಿತ್ತು. ಅವ್ವ ದೇವಸುಗೂರಿನ ಸುಗೂರೇಶನಿಗೆ ಕಾಯಿ ಹರಕೆ ಹೊತ್ತಳು. ಈಗ ಮಕ್ತಲ್, ಮಾಗನೂರಿಗೆ ರೈಲೂ ಆಗಿದೆ. ಜಕ್ಲೇರ್–ಕೃಷ್ಣಾ ಹೊಸ ಹಳಿ ಮುಗಿದು 2023ರ ಅಕ್ಟೋಬರ್ 1ರಂದು ಕಾಚಿಗುಡ–ರಾಯಚೂರು ಗಾಡಿ ಶುರುವಾಯಿತು, ಮಕ್ತಲ್‌ನ ಬಸುರಿಯರು ತಪಾಸಣೆಗೆ ರಾಯಚೂರಿಗೆ ಅದರಲ್ಲೇ ಕೂತು ಬರಬಹುದು. ನಾರಾಯಣಪೇಟೆ 2019ರಲ್ಲಿ ಜಿಲ್ಲೆಯಾಯಿತು, ಅಲ್ಲಿಗೂ ಗದ್ವಾಲಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿವೆ. ನಡುರಾತ್ರಿಯ ಓಟ ಮುಂದೆ ಕಡಿಮೆಯಾದೀತು.

ಹೆರಿಗೆ ಸಹಜವಾಗಿಯೇ ಆಯಿತು. ಹೆಣ್ಣುಮಗು, ಪಾಸಿಟಿವ್. ಈ ಸಲ ಎರಡನೇ ಸೂಜಿ ತಪ್ಪುವ ಭಯವೇ ಇರಲಿಲ್ಲ, ಅವ್ವ ಆ ಪದವನ್ನು ಕಂಠಪಾಠ ಮಾಡಿದ್ದಳು. ವಾರ್ಡಿಗೆ ಬಂದ ನರ್ಸು, ಆಯಾ, ಊಟದವನು, ಕಸ ಗುಡಿಸುವಾಕೆ, ಪಕ್ಕದ ಹಾಸಿಗೆಯವರ ಬೀಗರು, ಎಲ್ಲರಿಗೂ ಒಂದೇ ಮಾತು: ‘ನನ್ನ ಮಗಳು ನೆಗಿಟಿವ್ ಅದಾಳ ರೀ, ಎಪ್ಪತ್ತೆರಡು ತಾಸು!’ ಮರುದಿನ ಬೆಳಿಗ್ಗೆಯೇ ನನಗೆ ಹಾಕಿಸಿಬಿಟ್ಟಳು. ಒಲೆಯ ಬಳಿಯ ಪಿಸಿಮಾತಿಗೆ ಒಂದು ಹೊಸ ಪದ ಸೇರಿದ್ದೇ ತಡ, ಆ ಹಳೇ ವ್ಯವಸ್ಥೆ ಎಷ್ಟು ಚೆನ್ನಾಗಿ ಕೆಲಸ ಮಾಡಿತು!

ಬಸುರಿಯ ಕಾಗದ ಬಸುರಿಯ ಕೈಯಲ್ಲೇ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಶಿಫಾರಸುಗಳಲ್ಲಿ ಹೇಳಿದೆ. ನಮ್ಮಲ್ಲಿ ಕಾರ್ಡು ಕೈಯಲ್ಲೇ ಇರುತ್ತದೆ, ಓದುವವರು ಬೇಕು. ಡಾಕ್ಟರರೆಲ್ಲ ಆ ನರ್ಸಮ್ಮನಂತೆ ಬೆರಳಿಟ್ಟು ಓದುವ ದಿನ ಬರುವವರೆಗೆ ನಾವು ಮಾಡಬಹುದಾದದ್ದು ಇಷ್ಟಿದೆ. ತವರಿಗೆ ಕಳಿಸುವ ರೂಢಿ ಬಿಡಿ ಎಂದು ನಾನು ಹೇಳುವುದಿಲ್ಲ, ಬಾಣಂತನಕ್ಕೆ ಅವ್ವನ ಕೈಯೇ ಬೇಕು. ಆದರೆ ಕುಬಸದ ದಿನ ಗೊತ್ತು ಮಾಡುವ ಮೊದಲು ಈಗಿನ ಡಾಕ್ಟರನ್ನು ಒಮ್ಮೆ ಕಂಡು, ಏನಾಗಿದೆ, ಏನು ಬಾಕಿ ಇದೆ, ಯಾವ ವಾರಕ್ಕೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ರಕ್ತದ ಗುಂಪು ಆ ಹಾಳೆಯ ಮೊದಲ ಸಾಲಾಗಿರಲಿ. ಉಡಿ ತುಂಬುವಾಗ ಕೊಬ್ಬರಿ ಬಟ್ಟಲಿನ ಪಕ್ಕ ಆ ಹಾಳೆಯನ್ನೂ ಇಡಿ. ಅತ್ತಿ ಅದನ್ನು ಬೀಗ್ತಿಗೆ ಗಟ್ಟಿಯಾಗಿ ಓದಿ ಹೇಳಲಿ. ಓದು ಬಾರದಿದ್ದರೆ ಮೊಮ್ಮಕ್ಕಳ ಕೈಲಿ ಓದಿಸಲಿ. ನಿಮ್ಮ ಮನೆಯಲ್ಲಿ ನೆಗೆಟಿವ್ ಸೊಸೆ ಇದ್ದರೆ, ಸೂಜಿ ಮುಗಿಸಿಯೇ ಬಳೆ ತೊಡಿಸಿ.